ಇಲಿ ಕಡಿದ ಕೇಬಲ್‌ಗೆ ಸೋಲ್ಡರ್ ಹಾಕಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಹಳೆಯ ಡೆಸ್ಕ್‌ಟಾಪ್‌ಗಳ ಕೇಬಲ್ ತಕರಾರೇ ಜಾಸ್ತಿ. ಮಳೆಗಾಲ ಕಳೆದ ಮೇಲೆ ಇಂಥ ಪತ್ರ ಬರೋದು ಹೊಸದೇನಲ್ಲ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಸಾರ್. ಸಾಗರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. 2004ರಲ್ಲಿ ತೆಗೆದುಕೊಂಡ ಪೆಂಟಿಯಂ 4 ಕಂಪ್ಯೂಟರ್ ಇನ್ನೂ ಇಟ್ಟುಕೊಂಡಿದ್ದೇನೆ. ಹಳೆಯ ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಸ್ಮರಣ ಸಂಚಿಕೆ ಎಲ್ಲ ಅದರಲ್ಲೇ ಪೇಜ್‌ಮೇಕರ್ ಮತ್ತು ನುಡಿಯಲ್ಲಿ ಇವೆ. ಮಳೆಗಾಲ ಪೂರ್ತಿ ಆನ್ ಮಾಡಿರಲಿಲ್ಲ. ಈಗ ತೆಗೆದು ನೋಡಿದರೆ ಇಲಿ ಒಳಗೆ ಹೊಕ್ಕು, ಹಾರ್ಡ್ ಡಿಸ್ಕ್‌ಗೆ ಹೋಗುವ ಅಗಲ ಪಟ್ಟಿ ಕೇಬಲ್‌ನಲ್ಲಿ ಕೆಂಪು ಗೆರೆ ಇರುವ ಅಂಚನ್ನು ಕಡಿದಿದೆ. ಹತ್ತು ಎಳೆಯ ಹತ್ತಿರ ತುಂಡಾಗಿವೆ. ಡಿಸ್ಕ್ ಒಂದೊಂದು ಸಲ ಸಿಗುತ್ತೆ, ಒಂದೊಂದು ಸಲ ಇಲ್ಲ. ಸಿಕ್ಕಾಗಲೂ ಅದರ ಹೆಸರು ಏನೇನೋ ಅಕ್ಷರದಲ್ಲಿ ಬರುತ್ತೆ. ಇಲ್ಲಿ ಟಿವಿ ರಿಪೇರಿ ಮಾಡೋರೊಬ್ಬರು ಎಳೆ ಎಳೆ ಸೋಲ್ಡರ್ ಮಾಡಿ ಟೇಪ್ ಸುತ್ತಿಕೊಡ್ತೀನಿ ಅಂತಾರೆ. ಮಾಡಿಸಲಾ?

ಉತ್ತರ: ಮಾಡಿಸಬೇಡಿ. ಹೊಸ ಕೇಬಲ್ ಹಾಕಿ.

ಅದಕ್ಕೂ ಮೊದಲು ಒಂದು ಮಾತು. ಆ ಕಂಪ್ಯೂಟರನ್ನು ಈಗ ಪದೇ ಪದೇ ಆನ್ ಮಾಡಿ ನೋಡಬೇಡಿ. ಇವತ್ತು ಡಿಸ್ಕ್ ಸಿಕ್ಕಿತಲ್ಲ, ಬೇಗ ಬೇಗ ಫೈಲ್ ಕಾಪಿ ಮಾಡಿಕೊಂಡುಬಿಡೋಣ ಅನ್ನಿಸೋದು ಸಹಜ. ತೊಂದರೆ ಏನಂದ್ರೆ, ನೀವು ಬರೀ ಓದಲು ಹೊರಟರೂ ವಿಂಡೋಸ್ ಶುರುವಾಗುವಾಗಲೇ ಡಿಸ್ಕ್ ಮೇಲೆ ಹತ್ತಾರು ಕಡೆ ಬರೆಯುತ್ತದೆ. ಈ ಬಗೆಯ ಡಿಸ್ಕ್‌ಗಳಲ್ಲಿ ಅಲ್ಟ್ರಾ ಡಿಎಂಎ ಅನ್ನುವ ವೇಗದ ರೀತಿಯಲ್ಲಿ ಹೋಗುವ ಮಾಹಿತಿಗೆ ಸಿಆರ್‌ಸಿ ಅನ್ನುವ ತಾಳೆ ಲೆಕ್ಕ ಇದೆ, ತಪ್ಪಾದರೆ ಗೊತ್ತಾಗುತ್ತದೆ. ಆದರೆ 'ಇಂಥ ಜಾಗದಲ್ಲಿ ಬರೆ' ಅನ್ನುವ ಆಜ್ಞೆಗೆ ಆ ತಾಳೆ ಇಲ್ಲ. ಕಡಿದ ಎಳೆಯಿಂದಾಗಿ ಜಾಗದ ನಂಬರೇ ಬದಲಾದರೆ ಸರಿಯಾದ ಮಾಹಿತಿ ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ, ಅಲ್ಲಿದ್ದದ್ದು ಹೋಗುತ್ತದೆ. ಹೀಗೆ ಮಾಡುತ್ತಿರುವಾಗ ವಿಂಡೋಸ್ ತಾನಾಗಿ ನೀಲಿ ಪರದೆ ತೋರಿಸಿ 'ಚೆಕ್ ಡಿಸ್ಕ್ ಮಾಡ್ತೀನಿ' ಅಂದರೆ, ಎಣಿಕೆ ಮುಗಿಯುವ ಮೊದಲೇ ಯಾವುದಾದರೂ ಕೀ ಒತ್ತಿ ಖಂಡಿತ ತಪ್ಪಿಸಿ. ಕೆಟ್ಟ ಕೇಬಲ್ ಮೂಲಕ ತಪ್ಪಾಗಿ ಓದಿ, ಅದನ್ನೇ ನಿಜ ಅಂದುಕೊಂಡು, ಚೆನ್ನಾಗಿದ್ದ ಫೋಲ್ಡರ್‌ಗಳನ್ನು ಅದು 'ಸರಿಪಡಿಸಿಬಿಡುತ್ತದೆ'. ಇಲಿಗಿಂತ ಚೆಕ್ ಡಿಸ್ಕ್ ಮಾಡುವ ನಷ್ಟವೇ ದೊಡ್ಡದು.

ನಿಮ್ಮ ಪತ್ರದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ವಿವರ ಆ ಹೆಸರು ಕೆಡುವ ವಿಷಯ. ಡಿಸ್ಕ್ ಕೆಟ್ಟಿಲ್ಲ, ಕೇಬಲ್ಲೇ ಕಳ್ಳ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ. ಹೇಗೆ ಅಂತ ಹೇಳ್ತೀನಿ. ಐಡಿಇ ಅನ್ನುವ ಈ ಅಗಲ ಪಟ್ಟಿ ಕೇಬಲ್‌ನಲ್ಲಿ ಮಾಹಿತಿ 16 ಎಳೆಗಳಲ್ಲಿ, ಎಳೆಗೊಂದು 0 ಅಥವಾ 1ರಂತೆ, ಒಟ್ಟಿಗೆ ಹೋಗುತ್ತದೆ, ಅಂದರೆ ಒಂದು ಸಲಕ್ಕೆ ಎರಡು ಅಕ್ಷರ. ಕೆಂಪು ಅಂಚಿನಿಂದ ಎಣಿಸಿದರೆ 1ನೇ ಪಿನ್ ರೀಸೆಟ್ (ಡಿಸ್ಕನ್ನು ಹೊಸದಾಗಿ ಶುರು ಮಾಡಿಸುವುದು), 2 ಗ್ರೌಂಡ್, 3, 4, 5 ಮಾಹಿತಿಯ ಎಳೆಗಳು. ಈ 5ನೇ ಪಿನ್‌ನ ಎಳೆ ತುಂಡಾಗಿ, ಅತ್ತಲಿಂದ ಯಾವಾಗಲೂ 1 ಅಂತಲೇ ಓದಿಕೊಳ್ಳುತ್ತಿದೆ ಅಂತಿಟ್ಟುಕೊಳ್ಳಿ. ಆಗ ಜೋಡಿಯ ಎರಡನೇ ಅಕ್ಷರ ಮಾತ್ರ ಕೆಡುತ್ತದೆ: 4 ಇದ್ದಲ್ಲಿ ಇಂಗ್ಲಿಷಿನ ಚಿಕ್ಕ ಟಿ, 0 ಇದ್ದಲ್ಲಿ ಚಿಕ್ಕ ಪಿ. ಆ ಕಾಲದ ಒಂದು 40 ಜಿಬಿ ಡಿಸ್ಕ್‌ನ ಹೆಸರು ಎಸ್‌ಟಿ340014ಎ. ಅದು ಕಂಪ್ಯೂಟರ್ ಆನ್ ಆದ ಕೂಡಲೇ ಬರುವ ಬಯಾಸ್ ಪರದೆಯಲ್ಲಿ ಎಸ್‌ಟಿ3ಟಿ0ಪಿ1ಟಿಎ ಅಂತ ಬರುತ್ತದೆ. ಒಂದು ಬಿಟ್ಟು ಒಂದು ಅಕ್ಷರ ಕೆಟ್ಟಿದೆಯಾ ಅಂತ ನಿಮ್ಮದರಲ್ಲೂ ನೋಡಿ. ಹಾಗಿದ್ದರೆ ಒಂದೋ ಎರಡೋ ಮಾಹಿತಿ ಎಳೆ ಹೋಗಿದೆ ಅಷ್ಟೆ, ಡಿಸ್ಕ್ ಒಳಗಿನದು ಬಹುಶಃ ಕ್ಷೇಮ. ಒಂದೊಂದು ಸಲ ಡಿಸ್ಕೇ ಸಿಗದಿರೋದಕ್ಕೆ ಆ ಅಂಚಿನ ರೀಸೆಟ್ ಎಳೆ ಅರೆಬರೆ ತಾಗುತ್ತಿರೋದು ಕಾರಣ ಇರಬಹುದು.

ಈಗ ಸೋಲ್ಡರ್ ಯಾಕೆ ಬೇಡ ಅನ್ನೋದು. 2004ರ ಕಂಪ್ಯೂಟರ್ ಅಂದರೆ ನಿಮ್ಮದು 80 ಎಳೆಯ ಕೇಬಲ್ ಆಗಿರುತ್ತೆ. ಪಿನ್ 40, ಎಳೆ 80. ಜಾಸ್ತಿ ಇರುವ 40 ಎಳೆಗಳೂ ಗ್ರೌಂಡ್. ಒಂದು ಸಂಕೇತದ ಎಳೆ, ಪಕ್ಕದಲ್ಲಿ ಒಂದು ಗ್ರೌಂಡ್, ಮತ್ತೆ ಸಂಕೇತ, ಮತ್ತೆ ಗ್ರೌಂಡ್. ವೇಗ ಹೆಚ್ಚಾದಾಗ ಒಂದು ಎಳೆಯ ಸದ್ದು ಪಕ್ಕದ್ದಕ್ಕೆ ಹಾರದಿರಲಿ ಅಂತ ಈ ಏರ್ಪಾಡು. ಎಳೆಯಿಂದ ಎಳೆಗೆ ಇರುವ ಅಂತರ 0.635 ಮಿಲಿಮೀಟರ್. ಐರನ್ ತಾಗಿಸಿದ ತಕ್ಷಣ ಮೇಲಿನ ಪ್ಲಾಸ್ಟಿಕ್ ಕರಗಿ ಹಿಂದಕ್ಕೆ ಸುರುಟಿಕೊಳ್ಳುತ್ತದೆ, ಪಕ್ಕದ ಎರಡು ಎಳೆ ಬರಿಮೈ ಆಗುತ್ತವೆ. ಒಂದು ಸರಿ ಮಾಡಲು ಹೋಗಿ ಮೂರು ಶಾರ್ಟ್. ನಿಮ್ಮ ಟಿವಿ ರಿಪೇರಿಯವರ ಕೈ ಎಷ್ಟೇ ಪಳಗಿದ್ದರೂ, ಹತ್ತು ಕಡೆ ಬೆಸೆದ ಮೇಲೆ ಎಳೆಗಳ ನಡುವಿನ ಅಂತರ ಮೊದಲಿನ ಹಾಗೆ ಉಳಿಯೋದಿಲ್ಲ. ಮಲ್ಟಿಮೀಟರ್‌ನಲ್ಲಿ ಎಲ್ಲ ಬೀಪ್ ಅನ್ನುತ್ತೆ, ಡಿಸ್ಕ್ ಮಾತ್ರ ತಪ್ಪು ಓದುತ್ತೆ. ಆ ಸ್ಥಿತಿ ಈಗಿನದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಸರಿಯಾಗಿದೆ ಅಂತ ನೀವು ನಂಬಿಬಿಟ್ಟಿರ್ತೀರಿ.

ಕೇಬಲ್ ಹುಡುಕೋದು ಹೇಗೆ? ಹೊಸ ಅಂಗಡಿಗಳಲ್ಲಿ ಐಡಿಇ ಅಂದರೆ ಮುಖ ಮುಖ ನೋಡ್ತಾರೆ. ಹಳೆ ಕಂಪ್ಯೂಟರ್ ಸರ್ವಿಸ್ ಮಾಡುವ ಕಡೆ ಹೋಗಿ, ಮೂಲೆಯ ರಟ್ಟಿನ ಡಬ್ಬದಲ್ಲಿ ಇಂಥವು ಸುರುಳಿ ಸುರುಳಿಯಾಗಿ ಬಿದ್ದಿರುತ್ತವೆ, ಸುಮ್ನೆ ಕೊಟ್ಟರೂ ಕೊಟ್ಟಾರು. ಬೆಂಗಳೂರಿಗೆ ಬರುವವರಿದ್ದರೆ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ತರುವಾಗ ಮೂರು ವಿಷಯ ನೋಡಿಕೊಳ್ಳಿ. ಪಟ್ಟಿಯ ಮೇಲೆ ಉಗುರು ಆಡಿಸಿದರೆ ಗೆರೆಗಳು ತುಂಬ ಸಣ್ಣಗಿರಬೇಕು. ದಪ್ಪ ದಪ್ಪ ಗೆರೆ ಇದ್ದರೆ ಅದು ಹಳೆಯ 40 ಎಳೆಯದು. ಕನೆಕ್ಟರ್ ಸಾಮಾನ್ಯವಾಗಿ ಮೂರು ಬಣ್ಣ: ನೀಲಿ, ಬೂದು, ಕಪ್ಪು. ಉದ್ದ 46 ಸೆಂಟಿಮೀಟರ್ ಮೀರಬಾರದು, ಅದು ಆ ಮಾನದಂಡದ ಮಿತಿ. ಚಂದ ಕಾಣಲಿ ಅಂತ ಉದ್ದುದ್ದ ಮಾಡಿದ ಗುಂಡನೆಯ ಕೇಬಲ್‌ಗಳೂ ಬರುತ್ತಿದ್ದವು, ಅವು ಬೇಡ.

ಹಾಕುವುದು ಸುಲಭ. ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ ಕೆಲಸ ಶುರು ಮಾಡಿ. ಹಳೆಯದನ್ನು ತೆಗೆಯುವಾಗ ಪಟ್ಟಿ ಹಿಡಿದು ಎಳೆಯಬೇಡಿ. ಕನೆಕ್ಟರ್‌ನ ಎರಡು ಕಿವಿ ಹಿಡಿದು, ಆ ಕಡೆ ಒಂಚೂರು ಈ ಕಡೆ ಒಂಚೂರು ಸಡಿಲಿಸುತ್ತಾ ನೆಟ್ಟಗೆ ಮೇಲೆತ್ತಿ. ಓರೆಯಾಗಿ ಕಿತ್ತರೆ ಡಿಸ್ಕ್‌ನ ಪಿನ್ ಬಾಗುತ್ತದೆ. ಬಾಗಿದ್ದರೆ ಗಾಬರಿ ಬೇಡ, ಲೀಡ್ ಪೆನ್ಸಿಲ್‌ನ ಲೀಡ್ ತೆಗೆದು ಖಾಲಿ ಮೂತಿಯನ್ನು ಪಿನ್ ಮೇಲೆ ತೂರಿಸಿ, ನಿಧಾನಕ್ಕೆ ನೇರ ಮಾಡಿ. ಒಂದೇ ಸಲಕ್ಕೆ ಪೂರ್ತಿ ನೇರ ಆಗಲೇಬೇಕು ಅಂತ ಹಟ ಹಿಡಿದರೆ ಮುರಿಯುತ್ತದೆ. ಆಮೇಲೆ ನೀಲಿ ತುದಿ ಮದರ್‌ಬೋರ್ಡ್‌ಗೆ, ಇನ್ನೊಂದು ತುದಿಯ ಕಪ್ಪು ಹಾರ್ಡ್ ಡಿಸ್ಕ್‌ಗೆ, ನಡುವಿನ ಬೂದು ಎರಡನೇ ಡ್ರೈವ್ ಇದ್ದರೆ ಅದಕ್ಕೆ. ಡಿಸ್ಕ್ ಕಡೆ ಕೆಂಪು ಗೆರೆ ಸಾಮಾನ್ಯವಾಗಿ ಪವರ್ ಸಾಕೆಟ್ ಇರುವ ಬದಿಗೆ ಬರುತ್ತದೆ. ನಡುವಿನಲ್ಲಿ 20ನೇ ತೂತು ಮುಚ್ಚಿರುತ್ತದೆ, ಉಲ್ಟಾ ಹಾಕದಿರಲಿ ಅಂತ. ತುಂಬ ಹಳೆಯ ಕೆಲವು ಬೋರ್ಡ್‌ಗಳಲ್ಲಿ ಆ ಜಾಗದಲ್ಲೂ ಪಿನ್ ಇರುತ್ತದೆ. ಹಾಗಾಗಿ ಹೋಗದಿದ್ದರೆ ಒತ್ತಬೇಡಿ, ನೋಡಿ. ಡಿಸ್ಕ್ ಹಿಂಭಾಗದ ಪಿನ್‌ಗಳ ಮೇಲೆ ಕೂರುವ ಪುಟ್ಟ ಟೋಪಿ, ಅಂದರೆ ಜಂಪರ್, ಇದ್ದ ಹಾಗೇ ಬಿಡಿ.

ಕೇಬಲ್ ಸಿಗುವುದು ತಡ ಆಗುತ್ತೆ, ಫೈಲ್ ನಾಳೆಯೇ ಬೇಕು ಅನ್ನುವ ಹಾಗಿದ್ದರೆ ಒಂದು ಉಪಾಯ ಇದೆ, ಆದರೆ ಇಲಿ ಎಲ್ಲಿ ಕಡಿದಿದೆ ಅನ್ನುವುದರ ಮೇಲೆ ಹೋಗುತ್ತದೆ. ಕಡಿದ ಜಾಗ ಬೂದು ಮತ್ತು ಕಪ್ಪು ಕನೆಕ್ಟರ್‌ಗಳ ನಡುವೆ ಇದ್ದರೆ, ಬೂದು ಕನೆಕ್ಟರ್‌ನಿಂದ ಒಂದು ಬೆರಳು ಬಿಟ್ಟು ಹೊಸ ಬ್ಲೇಡ್‌ನಿಂದ ಪಟ್ಟಿಯನ್ನು ನೇರವಾಗಿ ಕತ್ತರಿಸಿ ಹಾಕಿ. ಕತ್ತರಿಸಿದ ತುದಿಯಲ್ಲಿ ತಾಮ್ರದ ಚೂರು ಒಂದಕ್ಕೊಂದು ತಾಗಿರಬಾರದು, ಬೆಳಕಿಗೆ ಹಿಡಿದು ನೋಡಿ. ಈಗ ಬೂದು ಕನೆಕ್ಟರನ್ನೇ ಡಿಸ್ಕ್‌ಗೆ ಹಾಕಿ, ಡಿಸ್ಕ್‌ನ ಜಂಪರನ್ನು ಮಾಸ್ಟರ್‌ಗೆ (ಮೊದಲ ಡ್ರೈವ್) ಇಡಿ. ಕೇಬಲ್ ಸೆಲೆಕ್ಟ್‌ನಲ್ಲಿ ಬಿಟ್ಟರೆ ಅದು ತನ್ನನ್ನು ಸ್ಲೇವ್ (ಎರಡನೇ ಡ್ರೈವ್) ಅಂದುಕೊಳ್ಳುತ್ತದೆ, ಯಾಕೆಂದರೆ ಬೂದು ಕನೆಕ್ಟರ್‌ನಲ್ಲಿ 28ನೇ ಪಿನ್‌ಗೆ ಎಳೆಯೇ ಇಲ್ಲ. ಹೀಗೆ ಗಿಡ್ಡ ಮಾಡಿದ ಕೇಬಲ್ ಪೂರ್ತಿ ವೇಗದಲ್ಲೇ ಕೆಲಸ ಮಾಡುತ್ತದೆ. ನೀಲಿ ಮತ್ತು ಬೂದಿನ ನಡುವೆ ಕಡಿದಿದ್ದರೆ ಏನೂ ಮಾಡುವ ಹಾಗಿಲ್ಲ.

ಹಳೆಯ 40 ಎಳೆಯ ಕೇಬಲ್ ಆಗಿದ್ದರೆ ಮಾತೇ ಬೇರೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 40 ಪಿನ್‌ನ ಎಫ್‌ಆರ್‌ಸಿ ಕನೆಕ್ಟರ್ ಅಂತ ಕೇಳಿದರೆ ಕೊಡ್ತಾರೆ. ಕಡಿದ ಭಾಗ ಕತ್ತರಿಸಿ ತೆಗೆದು, ಉಳಿದ ಪಟ್ಟಿಯನ್ನು ಕನೆಕ್ಟರ್‌ನ ಹಲ್ಲುಗಳ ಮೇಲೆ ಸರಿಯಾಗಿ ಕೂರಿಸಿ, ಬೆಂಚ್ ವೈಸ್‌ನಲ್ಲಿ ಸಮನಾಗಿ ಒತ್ತಿ. ಹಲ್ಲುಗಳೇ ಪ್ಲಾಸ್ಟಿಕ್ ಸೀಳಿಕೊಂಡು ತಾಮ್ರ ಹಿಡಿಯುತ್ತವೆ, ಸೋಲ್ಡರ್ ಬೇಕಿಲ್ಲ. ಸುತ್ತಿಗೆ ಏಟು ಬೇಡ. ಸಿಡಿ ಡ್ರೈವ್‌ಗೆ ಇದು ಧಾರಾಳ ಸಾಕು. 80 ಎಳೆಯ ಕನೆಕ್ಟರನ್ನು ಮನೆಯಲ್ಲಿ ಒತ್ತಲು ಹೋಗಬೇಡಿ.

ಸೆಕೆಂಡ್ ಹ್ಯಾಂಡ್ ಕೇಬಲ್ ತಂದರೆ ಮೊದಲು ಮಲ್ಟಿಮೀಟರ್‌ನಲ್ಲಿ ತೂತು ತೂತು ನೋಡಿ. ಒಂದು ತುದಿಯ 1ಕ್ಕೆ ಇನ್ನೊಂದು ತುದಿಯ 1, ಹೀಗೆ ಬೀಪ್ ಬರಬೇಕು, ಪಕ್ಕದ್ದಕ್ಕೆ ಬರಬಾರದು. 80 ಎಳೆಯದರಲ್ಲಿ 2, 19, 22, 24, 26, 30, 40 ಇವು ತಮ್ಮತಮ್ಮಲ್ಲೇ ಬೀಪ್ ಅನ್ನುತ್ತವೆ, ಎಲ್ಲ ಗ್ರೌಂಡ್. ನೀಲಿ ತುದಿಯ 34 ಕೂಡ ಗ್ರೌಂಡ್‌ಗೆ ಸೇರಿರುತ್ತದೆ, ಆ ಕಡೆಯ 34ಕ್ಕೆ ಹೋಗುವುದಿಲ್ಲ. 80 ಎಳೆಯ ಕೇಬಲ್ ಹಾಕಿದೆ ಅಂತ ಬೋರ್ಡ್‌ಗೆ ಗೊತ್ತಾಗೋದೇ ಅದರಿಂದ. ಇಷ್ಟು ನೋಡಿ ಕೇಬಲ್ ಹಾಳಾಗಿದೆ ಅಂತ ಎಸೆದುಬಿಟ್ಟೀರಿ!

ಹೊಸ ಕೇಬಲ್ ಬಂದ ಮೇಲೂ ಮೊದಲ ಕೆಲಸ ಕಾಪಿ. 20 ವರ್ಷದ ಡಿಸ್ಕ್ ಅದು. ಯುಎಸ್‌ಬಿ–ಐಡಿಇ ಕನ್ವರ್ಟರ್ ಅಂತ ಸಿಗುತ್ತೆ, ಅದರ ಜೊತೆ 12 ವೋಲ್ಟ್ ಮತ್ತು 5 ವೋಲ್ಟ್ ಕೊಡುವ ಅಡಾಪ್ಟರ್ ಇರಲೇಬೇಕು. ಅದರಿಂದ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಎಲ್ಲವನ್ನೂ ತೆಗೆದಿಡಿ. ನುಡಿಯ ಫೈಲ್ ಬರೀ ಕಾಪಿ ಮಾಡಿದರೆ ಸಾಲದು, ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ತೆಗೆದುಕೊಳ್ಳಿ. ಆ ಕಾಲದ ಫೈಲುಗಳು ಯೂನಿಕೋಡ್ ಅಲ್ಲ, ಅದೇ ಫಾಂಟ್ ಇಲ್ಲದಿದ್ದರೆ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರೂ ನಿಮ್ಮ ಡಿಸ್ಕ್‌ನ ಹೆಸರಿನ ಹಾಗೇ ಕಾಣುತ್ತದೆ.

ಪ್ರಶ್ನೆ: ಸಿಡಿ ಡ್ರೈವ್‌ನ ಕೇಬಲ್ ತೆಗೆದು ಹಾರ್ಡ್ ಡಿಸ್ಕ್‌ಗೆ ಹಾಕಿದ್ದೇನೆ, ಮೊದಲಿನದು ಮಡಿಕೆಯಲ್ಲಿ ಸೀಳಿತ್ತು. ಕೆಲಸ ಮಾಡುತ್ತೆ, ಆದರೆ ವಿಪರೀತ ನಿಧಾನ. ಫೈಲ್ ಕಾಪಿಗೆ ಹಾಕಿದರೆ ಮೌಸ್ ಕೂಡ ಎಳೆದೆಳೆದು ಹೋಗುತ್ತೆ. ವಿಂಡೋಸ್ ಎಕ್ಸ್‌ಪಿ ಇದೆ. ಇದು ಕೇಬಲ್‌ನದ್ದಾ, ವೈರಸ್ಸಾ? (ಹಾಸನದಿಂದ ಒಬ್ಬ ಓದುಗರು)

ಉತ್ತರ: ವೈರಸ್ ಅಲ್ಲ. ನಿಮ್ಮ ಹಳೆಯ ಸೀಳಿದ ಕೇಬಲ್ ಹೋಗುವ ಮುಂಚೆ ಮಾಡಿಟ್ಟ ಕಿತಾಪತಿ ಇದು. ಎಕ್ಸ್‌ಪಿಯಲ್ಲಿ ಒಂದು ಗುಣ ಇದೆ. ಡಿಸ್ಕ್ ಜೊತೆ ಮಾತಾಡುವಾಗ ಆರು ಸಲ ಸಿಆರ್‌ಸಿ ತಪ್ಪು ಅಥವಾ ಟೈಮ್‌ಔಟ್ ಕಂಡರೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಇಳಿಸಿ ಇಳಿಸಿ ಕೊನೆಗೆ ಪಿಐಒ ಅನ್ನುವ ಅತಿ ನಿಧಾನದ ರೀತಿಗೆ ಬಂದು ಕೂರುತ್ತದೆ. ಅಲ್ಲಿ ಪ್ರತಿಯೊಂದು ಬೈಟನ್ನೂ ಪ್ರೊಸೆಸರ್ರೇ ಹೊತ್ತು ಹಾಕಬೇಕು, ಅದಕ್ಕೇ ಮೌಸ್ ಎಳೆಯೋದು. ಕೇಬಲ್ ಬದಲಿಸಿದರೂ ಅದು ತಾನಾಗಿ ಮೇಲೆ ಹತ್ತುವುದಿಲ್ಲ.

ಡಿವೈಸ್ ಮ್ಯಾನೇಜರ್ ತೆಗೆದು, ಐಡಿಇ ಕಂಟ್ರೋಲರ್‌ಗಳ ಕೆಳಗೆ ಪ್ರೈಮರಿ ಐಡಿಇ ಚಾನೆಲ್‌ನ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ನೋಡಿ. ಪಿಐಒ ಅಂತಿದ್ದರೆ ಅದೇ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಎಕ್ಸ್‌ಪಿ ಅದನ್ನು ಹೊಸದಾಗಿ ಹುಡುಕಿಕೊಂಡು ಸರಿಯಾದ ವೇಗ ಹಾಕಿಕೊಳ್ಳುತ್ತದೆ.

ಆದರೆ ನೀವು ಹಾಕಿರೋದು ಸಿಡಿ ಡ್ರೈವ್‌ನ ಕೇಬಲ್, ಅದು ಬಹುಶಃ 40 ಎಳೆಯದು. ಹಾಗಾಗಿ ಅಲ್ಟ್ರಾ ಡಿಎಂಎ ಮೋಡ್ 2ರ ಮೇಲೆ ಹೋಗಲಾರದು, ಅಂದರೆ ಸೆಕೆಂಡಿಗೆ 33 ಎಂಬಿ. 66, 100, 133 ಬೇಕಾದರೆ 80 ಎಳೆಯದೇ ಬೇಕು. ಲಿನಕ್ಸ್ ಹಾಕಿದವರಿಗೆ ಇದು ಶುರುವಿನ ಸಾಲುಗಳಲ್ಲೇ ಕಾಣುತ್ತೆ, '40 ಎಳೆಯ ಕೇಬಲ್ ಇರುವುದರಿಂದ ವೇಗ 33ಕ್ಕೆ ಇಳಿಸಿದೆ' ಅಂತ ನೇರವಾಗಿ ಬರೆದಿರುತ್ತದೆ. ಬರೀ ಟೈಪಿಂಗ್, ಲೆಕ್ಕಪತ್ರ ಇದ್ದರೆ 33 ಸಾಕು.

ಇನ್ನೊಂದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್‌ನ ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಬರೆದಿಟ್ಟುಕೊಳ್ಳುವುದು) ತೆಗೆದು ಸಿ7 ಅನ್ನುವ ಸಾಲು ನೋಡಿ, ಅದೇ 199ನೇದು. ಕೇಬಲ್‌ನಲ್ಲಿ ಆದ ಸಿಆರ್‌ಸಿ ತಪ್ಪುಗಳ ಎಣಿಕೆ ಅಲ್ಲಿದೆ. ಆ ಸಂಖ್ಯೆ ಯಾವತ್ತೂ ಇಳಿಯಲ್ಲ, ಕೇಬಲ್ ಬದಲಿಸಿದರೂ ಸೊನ್ನೆ ಆಗಲ್ಲ, ಅದಕ್ಕೆ ಹೆದರಬೇಡಿ. ಇವತ್ತಿನ ಸಂಖ್ಯೆ ಬರೆದಿಟ್ಟುಕೊಂಡು ಒಂದು ವಾರ ಬಿಟ್ಟು ನೋಡಿ. ಅಷ್ಟೇ ಇದ್ದರೆ ಕೇಬಲ್ ಸರಿ. ಏರುತ್ತಿದ್ದರೆ ಈ ಕೇಬಲ್ ಕೂಡ ದಂಡ.

ಪ್ರಶ್ನೆ: ನನ್ನದು ಅಷ್ಟು ಹಳೆಯದಲ್ಲ, ಸಾಟಾ ಡಿಸ್ಕ್. ಡಿಸ್ಕ್ ಕಡೆ ಸಾಟಾ ಕೇಬಲ್ ಕೂರುವ ಎಲ್ ಆಕಾರದ ಪ್ಲಾಸ್ಟಿಕ್ ಮುರಿದು ಕೇಬಲ್ ಒಳಗೇ ಉಳಿದಿದೆ. ಏನು ಮಾಡಲಿ? (ಉಡುಪಿ)

ಉತ್ತರ: ಮುರಿದ ಪ್ಲಾಸ್ಟಿಕ್ ಚೂರನ್ನು ಕೇಬಲ್‌ನಿಂದ ತೆಗೆಯಬೇಡಿ! ಅದೇ ನಿಮಗೆ ಆಧಾರ. ಡಿಸ್ಕ್‌ನ ಮೇಲೆ ಏಳು ಚಿನ್ನದ ಬಣ್ಣದ ತೆಳು ಪಟ್ಟಿಗಳು ಈಗ ಗಾಳಿಯಲ್ಲಿ ನಿಂತಿರುತ್ತವೆ. ಅವು ಬಾಗಿಲ್ಲ ಅಂದರೆ, ಅದೇ ಕೇಬಲನ್ನು ಚೂರಿನ ಸಮೇತ ನೆಟ್ಟಗೆ ತೂರಿಸಿದರೆ ಪಟ್ಟಿಗಳು ತಮ್ಮ ಜಾಗಕ್ಕೆ ಬರುತ್ತವೆ. ಡಿಸ್ಕನ್ನು ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟು, ಕೇಬಲ್‌ಗೆ ಎಳೆತ ಬೀಳದ ಹಾಗೆ ಟೇಪಿನಿಂದ ಮೇಜಿಗೇ ಅಂಟಿಸಿ, ಒಂದೇ ಸಲಕ್ಕೆ ಎಲ್ಲ ಕಾಪಿ ಮಾಡಿಕೊಳ್ಳಿ. ಆಮೇಲೆ ಆ ಡಿಸ್ಕನ್ನು ದಿನಬಳಕೆಗೆ ಇಟ್ಟುಕೊಳ್ಳಬೇಡಿ. ಸೂಪರ್ ಗ್ಲೂ ಹಾಕಿ ಬಳಸುವವರಿದ್ದಾರೆ; ಒಂದು ಹನಿ ಪಟ್ಟಿಯ ಮೇಲೆ ಹರಿದರೆ ಕಥೆ ಮುಗೀತು. ಡಿಸ್ಕ್‌ನ ಕೆಳಗಿನ ಬೋರ್ಡನ್ನೇ ಬದಲಾಯಿಸಿದರಾಯ್ತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಆಯಾ ಡಿಸ್ಕ್‌ನ ಸ್ವಂತ ಹೊಂದಾಣಿಕೆ ಮಾಹಿತಿ ಆ ಬೋರ್ಡ್‌ನಲ್ಲಿರುವ ಚಿಪ್‌ನಲ್ಲೂ ಇರುತ್ತೆ.

ಕೇಬಲ್ಲೇ ಕೆಟ್ಟಿದ್ದರೆ ಸಾಟಾದಲ್ಲಿ ರಿಪೇರಿ ಅನ್ನುವ ಮಾತೇ ಇಲ್ಲ. ಸೆಕೆಂಡಿಗೆ 1.5ರಿಂದ 6 ಗಿಗಾಬಿಟ್ ಹೋಗುವ ಜೋಡಿ ತಂತಿಗಳು ಅವು, ಗಂಟು ಹಾಕಿದರೆ ನಡೆಯಲ್ಲ. ಹೊಸದು ಎಲ್ಲ ಕಡೆ ಸಿಗುತ್ತೆ, ಕ್ಲಿಪ್ ಇರುವುದನ್ನೇ ತನ್ನಿ.

ಪ್ರಶ್ನೆ: ಹಾರ್ಡ್ ಡಿಸ್ಕ್‌ಗೆ ಪವರ್ ಕೊಡುವ ಬಿಳಿ ನಾಲ್ಕು ತೂತಿನ ಪ್ಲಗ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ. ಹಳದಿ ವೈರ್ ಮುಟ್ಟಿದರೆ ಡಿಸ್ಕ್ ಆಫ್ ಆಗಿ ಆನ್ ಆಗುತ್ತೆ. ಇದಾದರೂ ಸೋಲ್ಡರ್ ಮಾಡಬಹುದಾ? (ಗದಗ)

ಉತ್ತರ: ಇದನ್ನು ಮಾಡಬಹುದು. ಇಲ್ಲಿ ಹೋಗೋದು ಬರೀ ಕರೆಂಟ್. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ಗ್ರೌಂಡ್. ಹಳದಿ ಕೆಂಪು ಅದಲು ಬದಲಾದರೆ ಡಿಸ್ಕ್ ಅಲ್ಲೇ ಸುಡುತ್ತೆ, ಅದೊಂದು ನೆನಪಿರಲಿ.

ಪ್ಲಗ್ ಬಿಳಿಯಾಗೇ ಇದ್ದು ಒಳಗಿನ ಪಿನ್ ಮಾತ್ರ ಹಿಂದಕ್ಕೆ ಜಾರಿದ್ದರೆ, ಪಿನ್ ಹೊರಗೆಳೆದು ಅದರ ಪಕ್ಕದ ಎರಡು ಸಣ್ಣ ರೆಕ್ಕೆಗಳನ್ನು ಸ್ಕ್ರೂ ಡ್ರೈವರ್ ತುದಿಯಿಂದ ಹೊರಕ್ಕೆ ಎತ್ತಿ, ಮತ್ತೆ ಟಕ್ ಅನ್ನುವವರೆಗೆ ತಳ್ಳಿದರೆ ಸಾಕು. ನಿಮ್ಮದು ಕಂದಾಗಿದೆ, ಅಂದರೆ ಪಿನ್ ಸಡಿಲವಾಗಿ ಬಿಸಿ ಆಗಿದೆ. ಆ ಪ್ಲಗ್ ಕತ್ತರಿಸಿ, ಸತ್ತ ಇನ್ನೊಂದು ಪವರ್ ಸಪ್ಲೈ ಡಬ್ಬದಿಂದ, ಅಂದರೆ ಎಸ್‌ಎಂಪಿಎಸ್‌ನಿಂದ ಒಳ್ಳೆಯ ಪ್ಲಗ್ ತಂದು, ಬಣ್ಣಕ್ಕೆ ಬಣ್ಣ ಸೇರಿಸಿ ಸೋಲ್ಡರ್ ಮಾಡಿ. ಬೆಸೆಯುವ ಮೊದಲೇ ಪ್ರತಿ ವೈರ್‌ಗೂ ಹೀಟ್ ಶ್ರಿಂಕ್ ಸ್ಲೀವ್ ತೂರಿಸಿಟ್ಟುಕೊಳ್ಳಿ. ನಾಲ್ಕು ಬೆಸುಗೆಯನ್ನೂ ಒಂದೇ ಜಾಗದಲ್ಲಿ ಮಾಡದೆ ಹಿಂದೆ ಮುಂದೆ ಮಾಡಿ. ಕಪ್ಪು ಟೇಪ್ ಬೇಡ, ಕ್ಯಾಬಿನೆಟ್‌ನ ಬಿಸಿಗೆ ಅಂಟು ಬಿಟ್ಟು ಜಾರುತ್ತೆ. ಇದೇ ಪ್ಲಗ್‌ನಿಂದ ಸಾಟಾ ಪವರ್ ತೆಗೆಯುವ ಅಡಾಪ್ಟರ್ ಬಳಸುವವರು ಗಮನಿಸಿ: ಒಳಗೆ ವೈರ್ ಇಟ್ಟು ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದವುಗಳಲ್ಲಿ ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡದ್ದಿದೆ.

ಪ್ರಶ್ನೆ: ಪೀಣ್ಯದ ನಮ್ಮ ವರ್ಕ್‌ಶಾಪ್‌ನಲ್ಲಿ ಫ್ಲಾಪಿಯಿಂದ ಪ್ರೋಗ್ರಾಂ ಓದುವ ಹಳೆಯ ಕಂಪ್ಯೂಟರ್ ಒಂದಿದೆ. ಫ್ಲಾಪಿ ಕೇಬಲ್ ಹಳತಾಗಿತ್ತು, ಬದಲಿಸಿದೆವು. ಈಗ ಡ್ರೈವ್‌ನ ಲೈಟ್ ಆರುವುದೇ ಇಲ್ಲ.

ಉತ್ತರ: ಒಂದು ತುದಿ ಉಲ್ಟಾ ಹಾಕಿದ್ದೀರಿ, ಅಷ್ಟೆ. ಡ್ರೈವ್ ಕಡೆಯದನ್ನು ತಿರುಗಿಸಿ ಹಾಕಿ. ಫ್ಲಾಪಿ ಕೇಬಲ್ 34 ಪಿನ್‌ನದು, ಒಂದು ಕಡೆ ಏಳು ಎಳೆ ಬೇರೆಯಾಗಿ ತಿರುಚಿಕೊಂಡಿರುತ್ತವೆ, ಪಿಸಿಯಲ್ಲಿ ಆ ತಿರುಚಿನ ಆಚೆ ಇರುವುದೇ ಎ ಡ್ರೈವ್. ಆದರೆ ಕೆಲವು ಯಂತ್ರಗಳಲ್ಲಿ ತಿರುಚಿಲ್ಲದ ನೇರ ಕೇಬಲ್ ಬಳಸಿರುತ್ತಾರೆ. ತೆಗೆದ ಹಳೆಯದನ್ನು ಎಸೆಯದೆ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಲೈಟ್ ಆರದೆ ಇರುವಾಗ ಪ್ರೋಗ್ರಾಂ ಇರುವ ಫ್ಲಾಪಿ ಒಳಗೆ ಹಾಕಲೇಬೇಡಿ. ಉಲ್ಟಾ ಕೇಬಲ್‌ನಲ್ಲಿ 'ಬರೆ' ಅನ್ನುವ ಸಂಕೇತವೂ ಆನ್ ಆಗಿಯೇ ಇರುತ್ತೆ, ಫ್ಲಾಪಿ ಅಳಿಸಿಹೋದೀತು. ಕೇಬಲ್ ಸರಿ ಮಾಡಿದ ಮೇಲೂ ಮೊದಲು ಬೇಡದ ಒಂದು ಫ್ಲಾಪಿ ಹಾಕಿ ಓದಿಸಿ. ನಿಜವಾದದ್ದನ್ನು ಹಾಕುವಾಗ ಅದರ ಮೇಲೆ ಏನೂ ಬರೆಯಲಾಗದ ಹಾಗೆ ಮೂಲೆಯ ಗುಂಡಿ ಸರಿಸಿ ತೂತು ತೆರೆದಿಡಿ.